ತುಟಿಗೆ ಪ, ಬ, ಮ ಒಂದೇ

ನಮ್ಮ ಕಿವಿ ಆಸ್ಪತ್ರೆಯಲ್ಲಿ ಸದ್ದಿಲ್ಲದ ಜಾಗ ಎಂದರೆ ನನ್ನ ಪರೀಕ್ಷೆಯ ಕೋಣೆ ಒಂದೇ. ಆ ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಅದರ ಗೋಡೆಗೆಲ್ಲ ದಪ್ಪ ಸ್ಪಂಜು, ಬಾಗಿಲಿಗೆ ರಬ್ಬರಿನ ಅಂಚು, ನಡುವೆ ಎರಡು ಪದರದ ಗಾಜಿನ ಕಿಟಕಿ. ಕಿವಿ ಮಂದವಾದವರು ಒಳಗೆ ಕೂರುತ್ತಿದ್ದರು, ನಾನು ಗಾಜಿನ ಈಚೆ ಯಂತ್ರದ ಮುಂದೆ ಕೂತು ಒಂದೊಂದೇ ಸ್ವರ ಕಳಿಸುತ್ತಿದ್ದೆ. ಕೇಳಿಸಿದರೆ ಅವರು ಕೈಯಲ್ಲಿರುವ ಗುಂಡಿ ಒತ್ತಬೇಕು. ಸ್ವರಗಳು ಮುಗಿದ ಮೇಲೆ ಪದಗಳ ಸರದಿ. ನಾನು ಮೈಕಿನಲ್ಲಿ 'ಮರ' ಎಂದರೆ ಅವರೂ 'ಮರ' ಎನ್ನಬೇಕು. ಹಾಗೆ ಹೇಳುವಾಗ ಬಾಯಿಗೆ ಅಡ್ಡವಾಗಿ ರಟ್ಟಿನ ತುಂಡೊಂದನ್ನು ಹಿಡಿಯುವುದು ನಮ್ಮ ಕೆಲಸದ ರೂಢಿ. ಹಿಡಿಯದಿದ್ದರೆ ಅವರು ಕಿವಿಯಿಂದ ಕೇಳುವುದಿಲ್ಲ, ತುಟಿ ನೋಡಿ ಹೇಳಿಬಿಡುತ್ತಾರೆ. ಕಿವಿ ಕೈಕೊಡುತ್ತಾ ಬಂದಂತೆ ಮನುಷ್ಯರು ತಮಗೇ ಗೊತ್ತಿಲ್ಲದೆ ತುಟಿ ಓದುವುದನ್ನು ಕಲಿತಿರುತ್ತಾರೆ.

ಆದರೆ ತುಟಿ ಓದುವುದರಲ್ಲೂ ಒಂದು ತೊಡಕಿದೆ. ಪ, ಬ, ಮ ಮೂರಕ್ಕೂ ತುಟಿ ಒಂದೇ ತರಹ ಮುಚ್ಚಿ ತೆರೆಯುತ್ತದೆ. ಒಬ್ಬರು ನಿವೃತ್ತ ಮೇಷ್ಟ್ರು ನನಗೆ ಹೇಳಿದ್ದು ಇನ್ನೂ ನೆನಪಿದೆ.

"ನನ್ನ ಸೊಸೆ ದಿನಾ ಊಟ ಆದ್ಮೇಲೆ 'ಮಾತ್ರೆ ಆಯ್ತಾ ಮಾವ' ಅಂತ ಕೇಳ್ತಿದ್ಲಮ್ಮ. ನನಗೆ 'ಪಾತ್ರೆ ಆಯ್ತಾ' ಅಂದ ಹಾಗೆ ಕಾಣ್ತಿತ್ತು. ಪಾಪ ಸುಸ್ತಾಗಿರ್ತಾಳೆ ಅಂತ ಎದ್ದು ಹೋಗಿ ಪಾತ್ರೆ ತೊಳೀತಿದ್ದೆ."

"ಅವರೇನೂ ಹೇಳಲಿಲ್ವಾ?"

"ಯಾಕೆ ಹೇಳ್ತಾಳೆ? ಮಾತ್ರೆ ತಂದು ಸಿಂಕಿನ ಪಕ್ಕ ಇಡೋಕೆ ಶುರು ಮಾಡಿದ್ಲು ಅಷ್ಟೆ."

ಇಂಥವರ ನಡುವೆ ನನ್ನ ದಿನಗಳು ಹಿತವಾಗಿಯೇ ಹೋಗುತ್ತಿದ್ದವು, ಕೌಂಟರಮ್ಮ ಒಬ್ಬಳು ಇಲ್ಲದಿದ್ದರೆ.

ಕೌಂಟರಮ್ಮ ಎಂದರೆ ಹೊರಗಿನ ಹಜಾರದಲ್ಲಿ ಚೀಟಿ ಕೊಟ್ಟು ಹೆಸರು ಕೂಗುವವಳು. ಕಿವಿ ಕೇಳದವರನ್ನು ಕೂಗಿ ಕರೆಯುವ ಕೆಲಸಕ್ಕೆ ಯಾರೋ ಊರೆಲ್ಲ ಹುಡುಕಿ ಅವಳನ್ನೇ ತಂದಂತಿತ್ತು. ಅವಳ ಗಂಟಲು ಹಜಾರ ದಾಟಿ, ನನ್ನ ಬಾಗಿಲು ದಾಟಿ, ರಬ್ಬರಿನ ಅಂಚನ್ನೂ ದಾಟಿ ಒಳಗೆ ಬರುತ್ತಿತ್ತು. ಒಮ್ಮೆ ಒಬ್ಬ ಅಜ್ಜಿ ನಾನು ಸ್ವರ ಕಳಿಸದೆಯೇ ಗುಂಡಿ ಒತ್ತಿದರು. ಏನು ಕೇಳಿಸಿತು ಎಂದು ವಿಚಾರಿಸಿದರೆ, "ಯಾರೋ ಯಾರಿಗೋ ಬೈದ ಹಾಗಾಯ್ತಮ್ಮ, ಒತ್ತಿದೆ," ಎಂದರು.

ನಾನು ಹೊರಗೆ ಹೋಗಿ ಕೇಳಿಕೊಂಡೆ. "ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ? ಒಳಗೆ ಟೆಸ್ಟ್ ನಡೀತಿದೆ."

"ಮೆಲ್ಲಗೆ ಮಾತಾಡಿದ್ರೆ ಕೇಳಿಸೋ ಹಾಗಿದ್ರೆ ಇವರೆಲ್ಲ ಇಲ್ಲಿಗೆ ಯಾಕ್ ಬರ್ತಿದ್ರು ಮೇಡಂ?" ಎಂದು ಅವಳು ಹಜಾರಕ್ಕೆಲ್ಲ ಕೇಳಿಸುವಂತೆ ಹೇಳಿದಳು. "ನನ್ನ ಗಂಟಲು ನಿಂತ್ರೆ ನಿಮ್ಮ ಆಸ್ಪತ್ರೆ ನಿಲ್ಲುತ್ತೆ, ತಿಳ್ಕೊಳಿ!"

ಕಾಯುತ್ತಿದ್ದವರೆಲ್ಲ ನಕ್ಕರು. ಕೇಳಿಸದವರು ಪಕ್ಕದವರು ನಕ್ಕಿದ್ದು ನೋಡಿ ನಕ್ಕರು.

ಇದನ್ನೆಲ್ಲ ನಾನು ಹೇಳಿಕೊಳ್ಳುತ್ತಿದ್ದದ್ದು ಅಚ್ಚಮ್ಮನ ಹತ್ತಿರ. ಕಿವಿಗೆ ಹಾಕುವ ಯಂತ್ರ ಜಾರದಂತೆ ಒಬ್ಬೊಬ್ಬರ ಕಿವಿಗೂ ಬೇರೆ ಬೇರೆ ಅಚ್ಚು ತೆಗೆಯಬೇಕು. ಆ ಕೆಲಸ ಅವಳದು. ಹಾಗಾಗಿ ಎಲ್ಲರ ಬಾಯಲ್ಲಿ ಅಚ್ಚಮ್ಮ, ನನಗೆ ಬರೀ ಅಚ್ಚು. ಇಬ್ಬರೂ ಒಟ್ಟಿಗೇ ತರಬೇತಿ ಪಡೆದವರು, ಒಂದೇ ವಯಸ್ಸಿನವರು. ನನ್ನ ಮಗಳ ಬಾಣಂತನದಲ್ಲಿ ನಾನು ರಜೆ ಹಾಕಿದಾಗ ನನ್ನ ಕೆಲಸವನ್ನೂ ಅವಳೇ ಮಾಡಿದ್ದಳು. ಅವಳ ಒಳ್ಳೆಯತನ ಬಾಯಿಮಾತಿನದಲ್ಲ. ಅಚ್ಚಿಗೆ ಬಳಸುವ ಹಿಟ್ಟಿನಂಥ ಪದಾರ್ಥ ತಣ್ಣಗಿದ್ದರೆ ಮಕ್ಕಳು ಬೆದರುತ್ತವೆ ಎಂದು, ಅದನ್ನು ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿ, ಮೊದಲು ಮಗುವಿನ ಬೆರಳಿಗೆ ಮುಟ್ಟಿಸಿ, ಆಮೇಲೆ ಕಿವಿಗೆ ಹಾಕುತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟದ್ದಲ್ಲ ಅದು.

ಅವಳ ಕೋಣೆಗೂ ಕೌಂಟರಿಗೂ ನಡುವೆ ಬರೀ ತೆಳ್ಳನೆಯ ಹಲಗೆಯ ಗೋಡೆ. "ನಿನಗಾದರೂ ಗಾಜಿದೆ, ಸ್ಪಂಜಿದೆ. ನನಗೆ ಅವಳು ಆಕಳಿಸಿದ್ದೂ ಕೇಳಿಸುತ್ತೆ ಕಣೇ," ಎನ್ನುತ್ತಿದ್ದಳು.

ಒಂದು ದಿನ ಒಬ್ಬ ಹಿರಿಯರು ಮಗನಿಗೆ ತಿಳಿಸದೆ ಒಬ್ಬರೇ ಬಂದಿದ್ದರು. ಕೌಂಟರಿನಲ್ಲಿ ತಲೆ ತಗ್ಗಿಸಿ ಪಿಸುಗುಟ್ಟಿದ್ದರಂತೆ. ಕೌಂಟರಮ್ಮ ನನ್ನ ಬಾಗಿಲಿನವರೆಗೂ ಕೇಳಿಸುವಂತೆ ಕೂಗಿದಳು. "ಮೇಡಂ! ಇವರು ಮಗಂಗೆ ಹೇಳ್ದೇ ಬಂದಿದ್ದಾರಂತೆ! ಮನೆಗೆ ಫೋನ್ ಮಾಡ್ಬೇಡಿ ಅಂತಿದ್ದಾರೆ!" ನಾನು ಹೊರಗೆ ಬರುವಷ್ಟರಲ್ಲಿ ಅವರು ಎದ್ದು ಹೊರಟಾಗಿತ್ತು. ಕೊಡೆ ಕುರ್ಚಿಯಲ್ಲೇ ಉಳಿದಿತ್ತು. ನಾನು ಅದನ್ನು ಹಿಡಿದು ಬೀದಿಯ ತಿರುವಿನವರೆಗೆ ಓಡಿದೆ. ಕೂಗಿ ಕರೆದರೆ ಅವರಿಗೆ ಕೇಳಿಸುವಂತಿರಲಿಲ್ಲ.

ನಾನು ಆ ಕೊಡೆಯನ್ನು ಹಿಡಿದುಕೊಂಡೇ ಅಚ್ಚುವಿನ ಕೋಣೆಗೆ ಬಂದೆ. ಅವಳು ಬಾಗಿಲು ಮುಂದೆ ಮಾಡಿ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು.

"ಅವಳಿಗಿರೋದು ಬಾಯಲ್ಲ ಕಣೇ ಅಚ್ಚು," ಎಂದೆ. "ಅವಳು ಮೈಯೆಲ್ಲ ಬಾಯಾಗಿ ಬೊಬ್ಬೆ ಹಾಕ್ತಾಳೆ. ಬೊಬ್ಬೆಮ್ಮ!"

ಅಚ್ಚು ಟೀ ನೆತ್ತಿಗೇರುವಂತೆ ನಕ್ಕಳು. ನನಗೂ ನಗು ಬಂತು. ಅಂದಿನಿಂದ ನಮ್ಮಿಬ್ಬರ ನಡುವೆ ಆ ಹೆಸರು ಉಳಿಯಿತು. "ಇವತ್ತು ಬೊಬ್ಬೆಮ್ಮನ ಹವಾಮಾನ ಹೇಗಿದೆ?" ಎಂದು ಅವಳು ಮೆಲ್ಲಗೆ ಕೇಳುತ್ತಿದ್ದಳು, ಗೋಡೆಯ ಕಡೆ ಕಣ್ಣು ಮಿಟುಕಿಸಿ.

ಈ ನಡುವೆ ನನ್ನ ಕಿವಿಯ ಸಂಗತಿ ಶುರುವಾಯಿತು.

ಮನೆಯಲ್ಲಿ ಯಜಮಾನರು ಕರೆದದ್ದು ಎಷ್ಟೋ ಸಲ ಕೇಳಿಸುತ್ತಿರಲಿಲ್ಲ. "ಕೇಳಿಸಲಿಲ್ವಾ, ಕೇಳಿಸದ ಹಾಗೆ ಇದ್ದೀಯಾ?" ಎಂದು ಅವರು ನಗುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷದ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲವೆಂದು ನಾನೂ ನಗುತ್ತಿದ್ದೆ. ಆದರೆ ಒಂದು ಮಧ್ಯಾಹ್ನ ಒಳಗೆ ಕೂತ ಹೆಂಗಸು 'ಸಾಲು' ಎಂದರೋ 'ಹಾಲು' ಎಂದರೋ ಎಂದು ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿಸಿದೆ. ಈ ಸಲ ಅವರ ತುಟಿ ನೋಡಿದೆ. ನೋಡಿದ ಮೇಲೆ ನಾನು ಏನು ಮಾಡಿದೆನೆಂದು ನನಗೇ ಅರಿವಾಗಿ, ಯಂತ್ರದ ಮೇಲಿಟ್ಟ ಕೈ ಹಾಗೇ ಉಳಿಯಿತು.

ಕಿವಿ ಪರೀಕ್ಷಿಸುವವಳ ಕಿವಿಯೇ ಸರಿಯಿಲ್ಲವೆಂದರೆ ಆ ಕುರ್ಚಿಯಲ್ಲಿ ಅವಳನ್ನು ಯಾರು ಉಳಿಸುತ್ತಾರೆ? ನನಗೆ ನಿವೃತ್ತಿಗೆ ಇನ್ನೂ ಕೆಲವು ವರ್ಷ ಇತ್ತು. ಆ ಕುರ್ಚಿ ಬಿಟ್ಟು ನನಗೆ ಬೇರೆ ಆಸೆಯೂ ಇರಲಿಲ್ಲ. ಮೊದಲ ಸಲ ಸ್ವರ ಕೇಳಿಸಿದಾಗ ಮಗುವಿನ ಮುಖ ಹೇಗೆ ಬದಲಾಗುತ್ತದೆ ಎನ್ನುವುದನ್ನು ಗಾಜಿನ ಮೂಲಕ ನೋಡಿದವಳಿಗೆ ಬೇರೆ ಯಾವ ಕೋಣೆಯೂ ಕೋಣೆಯಲ್ಲ.

ಅಚ್ಚುವಿಗೆ ಹೇಳಿದೆ. ಕೆಲಸ ಮುಗಿದ ಮೇಲೆ ಅವಳು ನನ್ನನ್ನು ಒಳಗೆ ಕೂರಿಸಿ ಪರೀಕ್ಷೆ ಮಾಡಿದಳು. ತೆಳ್ಳಗಿನ, ಎತ್ತರದ ಸ್ವರಗಳು ಎರಡೂ ಕಿವಿಯಲ್ಲಿ ಮಂದವಾಗಿದ್ದವು. ಸ, ಶ, ಫ ಇವೆಲ್ಲ ಇರುವುದು ಅಲ್ಲಿಯೇ.

"ಡಾಕ್ಟರಿಗೆ ನಾನೇ ಹೇಳ್ತೀನಿ," ಎಂದೆ. "ಆದರೆ ಬರಿಗೈಯಲ್ಲಿ ಹೋಗಲ್ಲ. ಯಂತ್ರ ಹಾಕ್ಕೊಂಡು, ಅದು ಅಭ್ಯಾಸ ಆಗಿ, ಪದಗಳೆಲ್ಲ ಸರಿಯಾಗಿ ಕೇಳಿಸ್ತವೆ ಅಂತ ತೋರಿಸ್ತೀನಿ. ಅಲ್ಲೀವರೆಗೂ ಪದಗಳ ಟೆಸ್ಟ್ ಇರುವಾಗ ನೀನೂ ಬಂದು ಪಕ್ಕದಲ್ಲಿ ಕೂತ್ಕೋ, ನನ್ನಿಂದ ಯಾರಿಗೂ ತಪ್ಪಾಗಬಾರದು. ಆದರೆ ಬೇರೆ ಯಾರಿಗೂ ಗೊತ್ತಾಗೋದು ಬೇಡ. ಆ ಬೊಬ್ಬೆಮ್ಮನ ಕಿವಿಗೆ ಬಿದ್ದರಂತೂ ಊರಿಗೆಲ್ಲ ಡಂಗುರ."

ಅಚ್ಚು ನನ್ನ ಕೈ ಹಿಡಿದುಕೊಂಡಳು. "ನಿನ್ನ ಮಾತು ನನ್ನ ಹೊಟ್ಟೆಯಲ್ಲೇ ಇರುತ್ತೆ ಕಣೇ. ನಾಳೆ ಬೇಗ ಬಾ, ನಿನ್ನ ಅಚ್ಚು ತೆಗೀತೀನಿ."

ಮರುದಿನ ಹಿಟ್ಟನ್ನು ಬೆಚ್ಚಗೆ ಮಾಡಿ, ಮಕ್ಕಳಿಗೆ ಮುಟ್ಟಿಸುವ ಹಾಗೆಯೇ ನನ್ನ ಬೆರಳಿಗೂ ಮುಟ್ಟಿಸಿ, ಆಮೇಲೆ ನನ್ನ ಕಿವಿಗೆ ಹಾಕಿದಳು.

ಯಂತ್ರ ನನಗೆ ಒಗ್ಗಿತು. ಕೂದಲು ಕಿವಿಯ ಮೇಲೆ ಬರುವಂತೆ ಬಾಚಿಕೊಳ್ಳುತ್ತಿದ್ದೆ. ಕೌಂಟರಮ್ಮ ಮಾತ್ರ ಆ ದಿನಗಳಲ್ಲಿ ಮೊದಲಿಗಿಂತ ಹೆಚ್ಚಾಗಿ ನನ್ನ ಮೇಲೇ ಬೀಳುವಂತೆ ಮಾಡುತ್ತಿದ್ದಳು. ಬಾಗಿಲಿನಿಂದ ಕೂಗುವುದು ಸಾಲದೆ ನೇರ ಬಂದು ಮುಖಕ್ಕೆ ಮುಖ ಕೊಟ್ಟು ನಿಂತು, "ಮುಂದಿನವರನ್ನ ಕಳಿಸ್ಲಾ ಮೇಡಂ?" ಎನ್ನುತ್ತಿದ್ದಳು. ಇವಳಿಗೆ ಕಾಲು ಕೆರೆದು ಜಗಳಕ್ಕೆ ಬರುವ ಚಟ ಎಂದುಕೊಂಡು ನಾನು ಹಿಂದೆ ಸರಿಯುತ್ತಿದ್ದೆ.

ಡಾಕ್ಟರ ಬಳಿ ಹೋಗಲು ನಿಶ್ಚಯಿಸಿದ ವಾರದಲ್ಲಿ ಅಚ್ಚು ನನಗೆ ಕಡೆಯ ಪರೀಕ್ಷೆ ಮಾಡಿದಳು. ಮಧ್ಯಾಹ್ನ ಊಟದ ಬಿಡುವು. ನಾನು ಒಳಗೆ ಯಂತ್ರ ಹಾಕಿಕೊಂಡು ಕೂತೆ. ಅವಳು ಈಚೆ ನನ್ನ ಕುರ್ಚಿಯಲ್ಲಿ ಕೂತು, ರಟ್ಟನ್ನು ಬಾಯಿಗೆ ಅಡ್ಡ ಹಿಡಿದು ಪದ ಹೇಳುತ್ತಿದ್ದಳು. 'ಸರ', 'ಶಾಲೆ', 'ಹಸು'. ಒಂದೊಂದೂ ತೊಳೆದಿಟ್ಟ ಹಾಗೆ ಕೇಳಿಸುತ್ತಿತ್ತು. ಖುಷಿಯಿಂದ ನಾನು ಬೇಕಾದ್ದಕ್ಕಿಂತ ಜೋರಾಗಿಯೇ ಹೇಳುತ್ತಿದ್ದೆ.

ಅಷ್ಟರಲ್ಲಿ ಹೊರಗಿನ ಬಾಗಿಲು ತೆರೆದು ಕೌಂಟರಮ್ಮ ಒಳಗೆ ಬಂದಳು. ಅಚ್ಚು ಮೈಕಿನ ಗುಂಡಿಯಿಂದ ಕೈ ತೆಗೆದಳು. ನನ್ನ ಕಡೆ ಮೌನ. ಗಾಜಿನ ಆಚೆ ಇಬ್ಬರ ಬಾಯಿಯೂ ಆಡುತ್ತಿತ್ತು, ಸದ್ದು ಮಾತ್ರ ಇಲ್ಲ. ಬಾಯಿಗೆ ಹಿಡಿದಿದ್ದ ರಟ್ಟು ಅಚ್ಚುವಿನ ತೊಡೆಯ ಮೇಲಿತ್ತು. ಪದ ಹೇಳುವಾಗ ಬಾಯಿ ಮುಚ್ಚುವವಳು, ಮಾತಾಡುವಾಗ ಮುಚ್ಚಬೇಕೆಂದು ಅವಳಿಗೆ ಹೊಳೆಯಲಿಲ್ಲ. ಗಾಜು ಸದ್ದನ್ನು ತಡೆಯುತ್ತದಲ್ಲ, ಅಷ್ಟು ಸಾಕೆಂದುಕೊಂಡಳು.

ಮೊದಲು ಅವಳು ಒಂದು ಬೆರಳನ್ನು ಕಿವಿಯ ಬಳಿ ತಂದು ಗಾಳಿಯಲ್ಲಿ ತಿರುಗಿಸಿದಳು. ಆಮೇಲೆ ಯಂತ್ರದ ಕಡೆ ಬಾಗಿ, ಮುಖ ನೇರವಾಗಿ ನನ್ನ ಕಡೆ ಇರುವಾಗ, ತುಟಿ ದುಂಡಗಾಗಿ ಮುಚ್ಚಿ ತೆರೆಯಿತು, ಮತ್ತೆ ಒತ್ತಿ ಮುಚ್ಚಿ ತೆರೆಯಿತು, ಮತ್ತೊಮ್ಮೆ ಒತ್ತಿ ಮುಚ್ಚಿ ತೆರೆಯಿತು. ಬೊ. ಬ್ಬೆ. ಮ್ಮ. ಹೇಳಿ ಅವಳು ನಕ್ಕಳು.

ಕೌಂಟರಮ್ಮ ನಗಲಿಲ್ಲ. ತಲೆಯೆತ್ತಿ ಗಾಜಿನ ಮೂಲಕ ನನ್ನನ್ನು ನೋಡಿದಳು. ನೋಡಿ ಹೊರಟುಹೋದಳು. ಅವಳು ಬಾಗಿಲನ್ನು ಬಡಿಯದೆ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅಚ್ಚು ರಟ್ಟು ಎತ್ತಿಕೊಂಡು ಗುಂಡಿ ಒತ್ತಿದಳು. ಯಂತ್ರದ ಮೂಲಕ ಅವಳ ದನಿ ಜೇನಿನಂತೆ ಕಿವಿಗೆ ಬಂತು. "ಮುಂದಿಂದು ಹೇಳ್ಲಾ? ರೆಡಿನಾ ಕಣೇ?"

ಉಳಿದ ಪದಗಳನ್ನೂ ನಾನು ಸರಿಯಾಗಿಯೇ ಹೇಳಿದೆ.

ಆ ಸಂಜೆ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ತುಟಿ ಆಡಿಸಿದೆ. 'ಮೊಮ್ಮಗ' ಎಂದರೂ ಮೊದಲೆರಡು ಸಲ ತುಟಿ ಹಾಗೆಯೇ ಮುಚ್ಚುತ್ತದೆ. ಅಚ್ಚುವಿಗೆ ಮೊಮ್ಮಗ ಹುಟ್ಟಿ ವರ್ಷವಾಗಿಲ್ಲ. ದಾರಿಯಲ್ಲಿ ಹೋಗುವವರನ್ನೂ ನಿಲ್ಲಿಸಿ ಅವನ ಫೋಟೋ ತೋರಿಸುತ್ತಾಳೆ. ಮೂರನೆಯ ಸಲ ಮುಚ್ಚಿದ್ದು ನನ್ನ ಕಣ್ಣಿನ ತಪ್ಪಿರಬಹುದು. ಬೆರಳು ತಿರುಗಿಸಿದ್ದು ಆ ಮಗುವಿಗೆ ಕಿವಿ ಚುಚ್ಚಿಸಿದ ವಿಷಯಕ್ಕಿರಬಹುದು. ಯಜಮಾನರು ಬಾಗಿಲಲ್ಲಿ ನಿಂತು, "ಕನ್ನಡಿ ಹತ್ರ ಯಾರಿಗೆ ಬೈತಿದ್ದೀಯಾ?" ಎಂದರು. "ಯಾರಿಗೂ ಇಲ್ಲ," ಎಂದೆ. ಅವರು ಮತ್ತೇನೂ ಕೇಳದೆ ಅನ್ನದ ಕುಕ್ಕರನ್ನು ತಾವೇ ಒಲೆಗೆ ಇಟ್ಟರು.

ಬೆಳಿಗ್ಗೆ ಬೇಗ ಹೋಗಿ ಅಚ್ಚುವಿನ ಕೋಣೆಯಲ್ಲಿ ಕೂತೆ. ಅವಳು ಬಂದು, ಚೀಲ ತೂಗುಹಾಕಿ, ಏಪ್ರನ್ ಕಟ್ಟಿಕೊಳ್ಳುತ್ತಿದ್ದಳು.

"ಅಚ್ಚು, ನಿನ್ನೆ ನಾನು ಒಳಗಿದ್ದಾಗ ಕೌಂಟರಮ್ಮ ಬಂದಿದ್ಲಲ್ಲ. ಅವಳಿಗೆ ಏನು ಹೇಳ್ತಿದ್ದೆ?"

ಅಷ್ಟೇ ಕೇಳಿದ್ದು ನಾನು. ಇನ್ನೊಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳ ಕೈ ಏಪ್ರನ್ನಿನ ಗಂಟಿನ ಮೇಲೆ ನಿಂತಿತು. "ಅಯ್ಯೋ, ಮೊಮ್ಮಗನ ವಿಷಯ ಕಣೇ! ಮೊಮ್ಮಗ ಅಂದೆ. ನಿನಗೆ ಇನ್ನೇನೋ ಕಂಡಿರಬೇಕು. ಪ, ಬ, ಮ ತುಟಿಗೆ ಒಂದೇ ಅಲ್ವಾ? ನಿನಗೆ ಗೊತ್ತಿಲ್ಲದ್ದಾ?"

ರಾತ್ರಿ ನಾನು ಅವಳಿಗಾಗಿ ಹುಡುಕಿಟ್ಟಿದ್ದ ನೆಪವನ್ನೇ ಅವಳು ನನ್ನ ಕೈಗೆ ಕೊಟ್ಟಿದ್ದಳು. ಒಂದು ಕ್ಷಣ ನನಗೆ ಹಾಯೆನಿಸಿತು ಕೂಡ. ಆಮೇಲೆ ತಿಳಿಯಿತು.

"ತುಟಿ ನೋಡಿದೆ ಅಂತ ನಾನು ಹೇಳಲೇ ಇಲ್ವಲ್ಲ," ಎಂದೆ. "ಯಾವ ಪದ ಅಂತಲೂ ಹೇಳಲಿಲ್ಲ."

ಕೋಣೆಯಲ್ಲಿ ಫ್ಯಾನ್ ತಿರುಗುವ ಸದ್ದು ನನ್ನ ಯಂತ್ರದಲ್ಲಿ ದೊಡ್ಡದಾಗಿ ಕೇಳಿಸುತ್ತಿತ್ತು. ಅಚ್ಚು ಗೋಡೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. ಅವಳ ಮುಖ ಕೆಂಪಾಗಿತ್ತು.

"ನೀನು ಗಾಜಿನ ಪೆಟ್ಟಿಗೆಯಲ್ಲಿ ಇರ್ತೀಯ. ದಿನವಿಡೀ ಅವಳ ಪಕ್ಕ ಇರೋಳು ನಾನು. ಅವಳ ಬಾಯಿಗೆ ಏನಾದರೂ ಹಾಕ್ತಿರಬೇಕು, ಇಲ್ಲಾಂದ್ರೆ ನನ್ನನ್ನೇ ಅಗಿದು ಉಗೀತಾಳೆ. ನನ್ನ ಸೊಸೆ ತೌರಿಗೆ ಹೋಗಿ ಕೂತಿದ್ದು ಅವಳಿಗೆ ಗೊತ್ತಾದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿದ್ದೀಯಾ?"

"ಅದಕ್ಕೆ ನನ್ನನ್ನು ಹಾಕಿದ್ಯಾ?"

"ಬರೀ ನಗೆಚಾಟಿಕೆಗೆ ಹೇಳಿದ್ದು ಕಣೇ. ನಿನಗೇನು ಆಯ್ತೀಗ? ನೀನು ಹೇಗಿದ್ರೂ ಡಾಕ್ಟರಿಗೆ ಹೇಳೋಳೇ ತಾನೆ?"

ಎದ್ದು ಬಂದೆ. ಅವಳ ಸೊಸೆ ತೌರಿಗೆ ಹೋದ ಸುದ್ದಿ ನನಗೂ ಗೊತ್ತಿರಲಿಲ್ಲ. ನನ್ನ ಗುಟ್ಟುಗಳನ್ನೆಲ್ಲ ತೆಗೆದುಕೊಂಡವಳು ತನ್ನದನ್ನು ನನಗೂ ಕೊಟ್ಟಿರಲಿಲ್ಲ.

ಆಗಲೇ ನೇರವಾಗಿ ಡಾಕ್ಟರ ಕೋಣೆಗೆ ಹೋಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಅವರು ಬರುವುದು ತಡವಿತ್ತು. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿಯನ್ನು ಪರೀಕ್ಷೆಗೆ ಕರೆತಂದರು. ಮಗು ಗೊಂಬೆಯನ್ನು ತಬ್ಬಿಕೊಂಡು ಒಳಗೆ ಕೂತಿತ್ತು. ಸ್ವರ ಕೇಳಿಸಿದರೆ ಗೊಂಬೆಯ ಕೈ ಎತ್ತಬೇಕೆಂದು ನಮ್ಮಿಬ್ಬರಿಗೂ ಒಪ್ಪಂದ. ಹೊರಗೆ ಕೌಂಟರಮ್ಮನ ದನಿ ಎಂದಿಗಿಂತ ಜೋರಾಗಿತ್ತು. ಗೊಂಬೆಯ ಕೈ ಸುಮ್ಮಸುಮ್ಮನೆ ಏರುತ್ತಿತ್ತು.

ನಾನು ಬಾಗಿಲು ತೆರೆದು ಹೊರಗೆ ಬಂದೆ. "ದಯವಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಒಳಗೆ ಮಗು ಇದೆ."

"ಹೌದು ಮೇಡಂ, ನಾನು ಬೊಬ್ಬೆಮ್ಮ!" ಅವಳು ಕುರ್ಚಿ ಹಿಂದೆ ತಳ್ಳಿ ಎದ್ದಳು. "ನಾನು ಬಾಯಿ ತೆಗೆದ್ರೆ ನಿಮಗೆ ಟೆಸ್ಟ್ ಕೆಡುತ್ತೆ. ಕಿವಿಗೆ ಮಿಷನ್ ಸಿಕ್ಕಿಸಿಕೊಂಡು ನೀವು ಮಾಡೋ ಟೆಸ್ಟ್ ಕೆಡಲ್ಲ, ಅಲ್ವಾ? ಕಿವಿ ಸರಿ ಇರೋರು ಬಂದು ನನಗೆ ಹೇಳಲಿ!"

ಕೇಳಿಸದವರಿಗೂ ಅದು ಕೇಳಿಸಿತ್ತು. ಕೌಂಟರಮ್ಮ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು, ಬಿದ್ದ ಲೋಟವನ್ನು ಹಿಡಿಯಲು ಹೋದವಳ ಹಾಗೆ. ಅಚ್ಚುವಿನ ಕೋಣೆಯ ಬಾಗಿಲು ಒಂದಿಷ್ಟು ತೆರೆದಿತ್ತು. ನಾನು ನೋಡುತ್ತಿದ್ದಂತೆ ಮುಚ್ಚಿಕೊಂಡಿತು. ಗೋಡೆಯ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಜರುಗಿ, ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ, "ಕೂತ್ಕೊಳಮ್ಮ," ಎಂದರು. ಅವರ ಸೌಜನ್ಯಕ್ಕೇ ನನ್ನ ಕಣ್ಣು ತುಂಬಿದ್ದು.

ಪುಟ್ಟ ಹುಡುಗಿಯ ತಾಯಿ ಒಳಗೆ ಹೋಗಿ ಮಗುವನ್ನು ಎತ್ತಿಕೊಂಡು ಬಂದಳು. "ಬೇಜಾರ್ ಮಾಡ್ಕೋಬೇಡಿ ಮೇಡಂ," ಎಂದಳು. "ಇವಳದ್ದು ಬೇರೆಯವರು ಮಾಡೋ ಹಾಗಿದ್ರೆ... ಒಂದೇ ಮಗು ನನಗೆ."

ಆ ತಾಯಿಯ ಮೇಲೆ ನನಗೆ ಕೋಪವಿಲ್ಲ. ನಾನಾದರೂ ಹಾಗೆಯೇ ಹೇಳುತ್ತಿದ್ದೆ.

ಡಾಕ್ಟರು ಬಂದೊಡನೆ ನನ್ನನ್ನು ಕರೆಸಿದರು. ಒಳ್ಳೆಯ ಮನುಷ್ಯ, ನಾನು ಕೂತ ತಕ್ಷಣ ಎದ್ದು ಹೋಗಿ ಫ್ಯಾನ್ ಆರಿಸಿದರು, ನನ್ನ ಯಂತ್ರದಲ್ಲಿ ಅದು ಮೊರೆಯುತ್ತದೆಂದು ಅವರಿಗೆ ಗೊತ್ತು. ನಾನು ಎಲ್ಲ ಹೇಳಿದೆ. ಅಚ್ಚು ಮಾಡಿದ ಪರೀಕ್ಷೆಯ ಫಲಿತಾಂಶವನ್ನೂ ಅವರ ಮುಂದಿಟ್ಟೆ. ಅವರು ಅದನ್ನು ನಿಧಾನವಾಗಿ ನೋಡಿದರು.

"ಚೆನ್ನಾಗಿಯೇ ಇದೆ. ನೀವು ಮೊದಲೇ ಬಂದು ಹೇಳಿದ್ದರೆ ನಾನೇ ನಿಮ್ಮನ್ನು ಆ ಕುರ್ಚಿಯಲ್ಲಿ ಉಳಿಸ್ತಿದ್ದೆ. ಯಂತ್ರ ಹಾಕಿಕೊಂಡು ಕೆಲಸ ಮಾಡೋ ಮೇಡಂ ಇದ್ದಾರೆ ನೋಡಿ ಅಂತ ಹೆಮ್ಮೆಯಿಂದ ತೋರಿಸ್ತಿದ್ದೆ." ಅವರು ಕಾಗದವನ್ನು ನನ್ನ ಕಡೆ ಸರಿಸಿದರು. "ಈಗ ಹಜಾರದಲ್ಲಿ ಎಲ್ಲರೂ ಕೇಳಿದ್ದಾರೆ. ಮುಚ್ಚಿಟ್ಟಿದ್ದು ಅಂತ ಆಯ್ತು. ಬೆಳಗಿಂದ ಇಬ್ಬರು ಬೇರೆಯವರು ಬೇಕು ಅಂದಿದ್ದಾರೆ. ನಾನೇನು ಮಾಡಲಿ, ನೀವೇ ಹೇಳಿ."

ನಾನೇ ಹೇಳಿದೆ. ಪರೀಕ್ಷೆ ಮಾಡಲು ಬರುವವರು ನಮ್ಮಲ್ಲಿ ಇನ್ನೊಬ್ಬರೇ ಇದ್ದರು. ಅಚ್ಚು ನನ್ನ ಕೋಣೆಗೆ, ನಾನು ಅವಳ ಕೋಣೆಗೆ ಎಂದು ತೀರ್ಮಾನವಾಯಿತು.

ಅವಳು ಆ ಕುರ್ಚಿಗಾಗಿಯೇ ಹೀಗೆ ಮಾಡಿದಳು ಎಂದು ನಾನು ಹೇಳಲಾರೆ. ಹಾಗೆಂದು ಯಾರಾದರೂ ಹೇಳಿದರೆ ಅಲ್ಲವೆನ್ನುವ ಧೈರ್ಯವೂ ನನಗಿಲ್ಲ.

ಹೊಸ ಕೋಣೆಯಲ್ಲಿ ನನ್ನ ಮೊದಲ ದಿನ. ಕಪಾಟಿನಲ್ಲಿ ಊರಿನ ಅರ್ಧ ಜನರ ಕಿವಿಯ ಅಚ್ಚುಗಳು ಪುಟ್ಟ ಪುಟ್ಟ ಡಬ್ಬಿಗಳಲ್ಲಿದ್ದವು. ಹಲಗೆಯ ಗೋಡೆಯಾಚೆಯಿಂದ ಕೌಂಟರಮ್ಮನ ಒಂದೊಂದು ಉಸಿರೂ ಕೇಳುತ್ತಿತ್ತು. ಬಿಡುವಿನಲ್ಲಿ ಅವಳು ಬಾಗಿಲಿಗೆ ಬಂದಳು, ಒಳಗೆ ಬಂದು ಎಂದಿನಂತೆ ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಮೊನ್ನೆ ಬಾಯಿ ಜಾರ್ತು ಮೇಡಂ. ತಪ್ಪಾಯ್ತು." ಕ್ಷಮೆಯನ್ನೂ ಅವಳು ಹಜಾರಕ್ಕೆಲ್ಲ ಕೇಳಿಸುವಂತೆಯೇ ಕೇಳಿದಳು. "ನಿಮ್ಮ ಕಿವಿ ವಿಷ್ಯ ನನಗೆ ಯಾವತ್ತೋ ಗೊತ್ತು. ಯಾರಿಗಾದ್ರೂ ಹೇಳಿದ್ನಾ? ನಿಮ್ಮ ಬಾಗಿಲಲ್ಲಿ ನಿಂತು ಕೂಗೋದು ಬಿಟ್ಟು ಎದುರಿಗೆ ಬಂದು ಮಾತಾಡ್ತಿದ್ದೆ, ಬಾಯಿ ಕಾಣಲಿ ಅಂತ. ನೀವು ಸಿಡುಕ್ತಿದ್ರಿ. ಆವತ್ತು ಆ ಹೆಸರು ಕೇಳಿದ್ಮೇಲೆ ಮಾತ್ರ ತಡ್ಕೊಳಕ್ಕಾಗಲಿಲ್ಲ. ನನ್ನ ಗಂಟಲೇನು ನಾನು ಕೊಂಡು ತಂದಿದ್ದಾ?"

"ನಾನು ಹಾಗೆ ಕರೀಬಾರದಿತ್ತು," ಎಂದೆ. ಅದು ನಿಜವೇ. ಆದರೆ ನನಗೆ ಬೇರೊಂದು ತಿಳಿಯಬೇಕಿತ್ತು. "ಕಿವಿ ವಿಷಯ ನಿಮಗೆ ಯಾವಾಗ ಗೊತ್ತಾಗಿದ್ದು?"

"ಅದೇ, ಮೊದಲ್ನೇ ಸಲ ನಿಮಗೆ ಟೆಸ್ಟ್ ಮಾಡಿದ್ಲಲ್ಲ ನಿಮ್ಮ ಅಚ್ಚಮ್ಮ. ಅವತ್ತೇ. ನಾನು ಕೌಂಟರ್ ಮುಚ್ತಿದ್ದೆ, ಅವಳು ಮನೆಗೆ ಹೊರಟಿದ್ಲು. ಬಸ್ ಸ್ಟಾಪಿನವರೆಗೂ ಅದೇ ಮಾತು."

ಅವಳು ಹೋದ ಮೇಲೆ ನಾನು ಕಪಾಟಿನ ಡಬ್ಬಿಗಳನ್ನು ಸಾಲಾಗಿ ಜೋಡಿಸತೊಡಗಿದೆ. ಅಂದು ನನ್ನ ಕೈ ಹಿಡಿದುಕೊಂಡ ಅಚ್ಚು, ಆ ಕೈಯ ಬಿಸಿ ಆರುವ ಮೊದಲೇ ಬಸ್ ಸ್ಟಾಪಿಗೆ ನಡೆದಿದ್ದಳು. ಮರುದಿನ ಬೆಳಿಗ್ಗೆ ಹಿಟ್ಟು ಬೆಚ್ಚಗೆ ಮಾಡಿ ನನ್ನ ಬೆರಳಿಗೆ ಮುಟ್ಟಿಸುವಾಗ, ಹೇಳಿ ಮುಗಿಸಿಯೇ ಬಂದಿದ್ದಳು. ಗಾಜಿನ ಆಚೆ ನಾನು ಕಂಡದ್ದು ಮೊದಲನೆಯದಲ್ಲ. ಎಷ್ಟನೆಯದೋ.

ಮಧ್ಯಾಹ್ನ ಒಬ್ಬ ಹುಡುಗಿಯ ಕಿವಿಗೆ ಅಚ್ಚು ತೆಗೆಯಬೇಕಿತ್ತು. ಹಿಟ್ಟು ತಣ್ಣಗಿತ್ತು. ಅಂಗೈಗಳ ನಡುವೆ ಇಟ್ಟು ಉಜ್ಜಿದೆ. ಇಂಥವರಿಂದ ಕಲಿತೆವು ಎಂಬ ಕಾರಣಕ್ಕೆ ಒಳ್ಳೆಯದನ್ನು ಬಿಡಲಾಗುವುದಿಲ್ಲ. ಮಗುವಿಗೆ ಅದೆಲ್ಲ ಏಕೆ?

ಹುಡುಗಿ ಹೋದ ಮೇಲೆ ಅಚ್ಚು ಬಂದಳು. ನನ್ನ ಹಳೆಯ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು. ಎರಡು ಲೋಟ ಟೀ ತಂದಿದ್ದಳು, ನನ್ನದರಲ್ಲಿ ಸಕ್ಕರೆ ಕಡಿಮೆ ಹಾಕಿ. ಒಂದನ್ನು ನನ್ನ ಮುಂದಿಟ್ಟು, ಇನ್ನೊಂದನ್ನು ಹಿಡಿದುಕೊಂಡು ಸ್ಟೂಲ್ ಎಳೆದಳು.

"ಎಷ್ಟು ದಿನ ಹೀಗೆ ಮುಖ ಗಂಟು ಹಾಕ್ಕೊಂಡು ಇರ್ತೀಯಾ? ಬೈದುಬಿಡು ಒಂದ್ಸಲ. ನಿನಗೆ ಬೈಯೋ ಹಕ್ಕಿದೆ ಕಣೇ. ನಾನು ನಿನ್ನ ಅಚ್ಚು ಅಲ್ವಾ?"

ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಟೀ ನನಗೆ ಹೇಗೆ ಬೇಕೋ ಹಾಗೆಯೇ ಇತ್ತು, ಹಬೆಯಲ್ಲೇ ಗೊತ್ತಾಗುತ್ತಿತ್ತು. ಬೈಯಬೇಕೆಂದು ನಾನೂ ಬಾಯಿ ತೆರೆದೆ. ಬೈಗುಳಕ್ಕೂ ಒಂದು ಸಲಿಗೆ ಬೇಕು. ಅದು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

"ಟೀ ತಂದಿದ್ದು ಒಳ್ಳೇದಾಯ್ತು ಮೇಡಂ," ಎಂದೆ. "ಅಲ್ಲಿಡಿ. ನಿಮಗೆ ಹೊರಗೆ ಜನ ಕಾಯ್ತಿರಬೇಕು, ನೀವು ಹೋಗಿ."

ಅವಳು ಎಳೆದ ಸ್ಟೂಲಿನ ಮೇಲೆ ಕೂರಲಿಲ್ಲ. ಲೋಟ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತಿದ್ದಳು, ನಾನು ಇನ್ನೊಮ್ಮೆ ಹೇಳಿದರೆ ಬೇರೆ ಥರ ಕೇಳಿಸಬಹುದು ಎಂದು ಕಾಯುವವಳ ಹಾಗೆ. ನಾನು ಮೇಜು ಒರೆಸತೊಡಗಿದೆ.